ಅಸೂಟಿ, ಅಸುಂಡಿ, ನಡುವೆ ಎರಡೇ ಅಕ್ಷರ

ಆರ್ ಭಾಷೆಯಲ್ಲಿ ಡೇಟಾ ಅನಾಲಿಸಿಸ್ ಕಲಿಯೋಕೆ ಕೂತವರ ಕೈಗೆ ಈಗ ಮೊದಲು ಸಿಗೋದು ಪೆಂಗ್ವಿನ್. ಮುಂಚೆ ಐರಿಸ್ ಹೂ ಕೊಡ್ತಿದ್ದರು, 1936ರಲ್ಲಿ ರೊನಾಲ್ಡ್ ಫಿಶರ್ ಬಳಸಿದ ಅದೇ 150 ಹೂಗಳು. ಈಗ ಅಂಟಾರ್ಕ್ಟಿಕಾ ಕಡೆಯ 344 ಪೆಂಗ್ವಿನ್‌ಗಳು. 2025ರ ಏಪ್ರಿಲ್‌ನಲ್ಲಿ ಬಂದ ಆರ್ 4.5.0 ಹಾಕಿಕೊಂಡರೆ ಅವೂ ಜೊತೆಗೇ ಬರ್ತವೆ, ಬೇರೆ ಪ್ಯಾಕೇಜ್ ಬೇಕಿಲ್ಲ. ಮೂರು ಜಾತಿ, ಮೂರು ದ್ವೀಪ. ಅಲ್ಲೊಂದು ಇಲ್ಲೊಂದು ಅಳತೆ ಬಿಟ್ಟುಹೋಗಿದೆ ನಿಜ, ಆದರೆ ದ್ವೀಪದ ಹೆಸರನ್ನ ಯಾರೂ ಎರಡು ಥರ ಬರೆದಿಲ್ಲ. ನನ್ನ ತಕರಾರು ಶುರುವಾಗೋದೇ ಇಲ್ಲಿ.

ರೋಣ ಸೀಮೆಯ ಅಸೂಟಿಯನ್ನ ತಗೊಳ್ಳಿ. ಎರೆ ಹೊಲದ ನಾಡು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಒಂದೂರಿಗೆ ಹೊಯ್ದ ಮಳೆ ಪಕ್ಕದೂರಿಗೆ ಹನಿಯನ್ನೂ ಹಾಕಿರೋದಿಲ್ಲ. ಹೀಗಿರುವಾಗ ಜಿಲ್ಲೆಯ ಸರಾಸರಿ, ತಾಲೂಕಿನ ಸರಾಸರಿ ಅಂತ ನಕ್ಷೆ ಬರೆದರೆ ಅದು ಯಾರ ಹೊಲದ ಕಥೆಯೂ ಆಗೋದಿಲ್ಲ. ಬೆಳೆವಿಮೆಯವರೂ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕ ಅಂತ ಇಟ್ಟುಕೊಂಡಿದ್ದಾರೆ. ಆ ಮಟ್ಟಕ್ಕೆ ಇಳಿದಿರೋ, ಮುಕ್ಕಾಲು ಕೆಲಸ ಒಂದೇ: ಈ ಪಟ್ಟಿಯ ಊರೂ ಆ ಪಟ್ಟಿಯ ಊರೂ ಒಂದೇನಾ? ಮಳೆಯ ಪಟ್ಟಿ ಒಂದು ಕಡೆಯದು, ಜನಗಣತಿಯದು ಇನ್ನೊಂದು, ನಕ್ಷೆಯ ಫೈಲ್ ಮತ್ತೊಂದು. ಮೇಲಾಗಿ 2011ರ ಜನಗಣತಿಯಲ್ಲಿ ಗಜೇಂದ್ರಗಡ ಅನ್ನೋ ತಾಲೂಕೇ ಇಲ್ಲ, ಆಗ ಅದು ರೋಣದೊಳಗೇ ಇತ್ತು.

ಪ್ಯಾಕೇಜ್ ಬರೆಯೋರನ್ನ ಬೈಯುವ ಮೊದಲು ಹೊಗಳಬೇಕಾದ್ದನ್ನ ಹೊಗಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ‘ಅಸೂಟಿ’ ಅಂತ ಬರೆದ ಕಾಲಂ ತೆರೆದರೆ ಊರಿನ ಬದಲು ಕೋನದ ಕಂಸ, ಪ್ಲಸ್ ಚಿಹ್ನೆ, ಅಂಕಿಗಳ ಸಾಲು ಕಾಣ್ತಿತ್ತು. 2022ರ ಏಪ್ರಿಲ್‌ನ ಆರ್ 4.2.0ದಲ್ಲಿ, ತೊಮಾಶ್ ಕಾಲಿಬೆರಾ ಅವರ ದೊಡ್ಡ ದುಡಿಮೆಯಿಂದ, ವಿಂಡೋಸ್‌ನಲ್ಲೂ ಯೂನಿಕೋಡ್ ಸಹಜವಾಯ್ತು. ಚಿತ್ರದಲ್ಲಿ ಬರೆಯೋದು ಇನ್ನೊಂದು ಗೋಳು. ಅಕ್ಷರ ಜೋಡಿಸೋದು ಗೊತ್ತಿಲ್ಲದ ಡಿವೈಸ್‌ನಲ್ಲಿ ‘ಟಿ’ ಬರೆದರೆ ಟಕಾರ ಒಂದು ಕಡೆ, ಗುಡಿಸು ಒಂದು ಕಡೆ. ಗಜೇಂದ್ರಗಡದ ಒತ್ತು ಕಳಚಿಬಿದ್ದು ಪಕ್ಕದಲ್ಲಿ ನಿಲ್ತಿತ್ತು. ಥಾಮಸ್ ಲಿನ್ ಪೆಡರ್ಸನ್ ಅವರ ರ‍್ಯಾಗ್, ಟೆಕ್ಸ್ಟ್‌ಶೇಪಿಂಗ್ ಪ್ಯಾಕೇಜ್‌ಗಳು ಬಂದಮೇಲೆ, ಒಳ್ಳೆ ಕನ್ನಡ ಫಾಂಟ್ ಒಂದಿದ್ದರೆ, ಜಿಜಿಪ್ಲಾಟ್2 ನಕ್ಷೆಯಲ್ಲಿ ಊರ ಹೆಸರು ಊರ ಹೆಸರಿನ ಹಾಗೇ ಕಾಣತ್ತೆ. ಇವರಿಬ್ಬರೂ ಕನ್ನಡದವರಲ್ಲ, ಆದರೂ ನಮ್ಮ ಒತ್ತಕ್ಷರ ಉಳಿಸಿಕೊಟ್ಟರು.

ಅಂದರೆ ಸಲಕರಣೆ ತಯಾರಿದೆ. ನಾವು ಮಾತ್ರ ಅದಕ್ಕೆ ಹಾಕೋದು ಇಂಗ್ಲಿಷ್ ಕಾಗುಣಿತವನ್ನ. ಎ, ಎಸ್, ಯು, ಟಿ, ಐ. ಇದನ್ನ ವಾಪಸ್ ಕನ್ನಡಕ್ಕೆ ತನ್ನಿ ನೋಡೋಣ. ಅ ಇರಬಹುದು, ಆ ಇರಬಹುದು; ಸು ಅಥವಾ ಸೂ; ತ ಅಥವಾ ಟ. ಇಷ್ಟರಲ್ಲೇ ಎಂಟು ಊರಾದವು. (ಹೆಸರು ಬೆಳೆಯೋ ಊರಿಗೆ ಹೆಸರಿನದೇ ಬರ!)

ಇಂಥ ಕಡೆ ಎಲ್ಲರೂ ಓಡೋದು ಫಜಿ ಮ್ಯಾಚಿಂಗ್‌ಗೆ. ಮಾರ್ಕ್ ವ್ಯಾನ್ ಡರ್ ಲೂ ಅವರ ಸ್ಟ್ರಿಂಗ್‌ಡಿಸ್ಟ್ ಒಳ್ಳೆಯ ಪ್ಯಾಕೇಜ್. ಒಂದು ಪದವನ್ನ ಇನ್ನೊಂದು ಮಾಡೋಕೆ ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೀಬೇಕು ಅಂತ ಎಣಿಸಿ ‘ದೂರ’ ಹೇಳತ್ತೆ. ಅದರ ಮೇಲೆ ಕಟ್ಟಿದ ಫಜಿಜಾಯಿನ್, ನೀವು ಏನೂ ಹೇಳದಿದ್ದರೆ, ದೂರ 2ರವರೆಗೆ ಇದ್ದವನ್ನೆಲ್ಲ ಜೋಡಿ ಮಾಡತ್ತೆ. ಈಗ ಎಣಿಸಿ. ಅಸೂಟಿಯನ್ನ ಯಾರೋ ಯು ಬದಲು ಎರಡು ಓ ಹಾಕಿ ಬರೆದಿದ್ದಾರೆ: ದೂರ 2. ಪಕ್ಕದ ಗದಗ ತಾಲೂಕಿನಲ್ಲಿ ಅಸುಂಡಿ ಅಂತ ಬೇರೆಯದೇ ಊರಿದೆ. ಟಿ ಜಾಗದಲ್ಲಿ ಎನ್, ಡಿ: ದೂರ 2. ಒಂದು ಅದೇ ಊರಿನ ತಪ್ಪು ಕಾಗುಣಿತ, ಇನ್ನೊಂದು ಬೇರೆ ಮಳೆ, ಬೇರೆ ಹೊಲ, ಬೇರೆ ಜನ. ಪ್ಯಾಕೇಜ್‌ಗೆ ಎರಡೂ ಸಮ.

ಇದನ್ನೇ ಕನ್ನಡದಲ್ಲಿ ಎಣಿಸಿ. ‘ಅಸೂಟಿ’ಯ ದೀರ್ಘ ಮರೆತು ‘ಅಸುಟಿ’ ಅಂತ ಬರೆದರೆ ದೂರ 1. ‘ಅಸುಂಡಿ’ಗೆ ದೀರ್ಘ ಹೋಗಬೇಕು, ಸೊನ್ನೆ ಬರಬೇಕು, ಟ ಹೋಗಿ ಡ ಆಗಬೇಕು: 3. ಜಡ್ಜ್‌ಮೆಂಟ್ ಬೇಕಿಲ್ಲ, ಲೆಕ್ಕವೇ ಬೇರೆ ಮಾಡಿಕೊಡತ್ತೆ. ಕನ್ನಡ ಅಭಿಮಾನದ ಮಾತಲ್ಲ ಇದು.

ಕನ್ನಡದಲ್ಲೂ ಗುಂಡಿಗಳಿವೆ, ಇಲ್ಲ ಅನ್ನಲ್ಲ. ಹಳೇ ನುಡಿ ಫಾಂಟಿನ ಫೈಲ್‌ಗಳನ್ನ ಮೊದಲು ಯೂನಿಕೋಡ್‌ಗೆ ತಿರುಗಿಸಬೇಕು. ‘ರೋಣ’ ಅನ್ನೋದನ್ನ ಯೂನಿಕೋಡ್‌ನಲ್ಲೇ ಎರಡು ಥರ ಬರೀಬಹುದು, 3 ಸಂಕೇತದಲ್ಲಿ ಅಥವಾ 5ರಲ್ಲಿ. ಕಣ್ಣಿಗೆ ಒಂದೇ, ಆರ್‌ಗೆ ಬೇರೆ ಬೇರೆ. ಮಾರೆಕ್ ಗಗೊಲೆವ್‌ಸ್ಕಿ ಅವರ ಸ್ಟ್ರಿಂಗಿ ಪ್ಯಾಕೇಜ್ ಒಂದು ಸಾಲಿನಲ್ಲಿ ಇದನ್ನ ಸರಿಮಾಡತ್ತೆ. ಮೂರಕ್ಷರದ ಅಸೂಟಿಯನ್ನ ಆರ್ ಐದು ಅಂತ ಎಣಿಸೋದೂ ಇಂಥದ್ದೇ. ಲೇಬಲ್ ಚಿಕ್ಕದು ಮಾಡೋಕೆ ಹೋಗಿ ಮೊದಲ ಎರಡು ಕತ್ತರಿಸಿದರೆ ‘ಅಸ’ ಉಳಿಯತ್ತೆ.

ಈಗ ಬೈಯೋಕೆ ಬರ್ತೀನಿ. ಎರಡು ಪಟ್ಟಿ ಜೋಡಿಸೋಕೆ ನಾವೆಲ್ಲ ಬಳಸೋ ಡಿಪ್ಲೈಯರ್‌ನ ಇನ್ನರ್ ಜಾಯಿನ್, ಜೋಡಿ ಸಿಗದ ಸಾಲನ್ನ ಸದ್ದಿಲ್ಲದೆ ಎಸೆಯತ್ತೆ. ಎಚ್ಚರಿಕೆ ಇಲ್ಲ, ಕೆಂಪು ಅಕ್ಷರ ಇಲ್ಲ. 2023ರ ಜನವರಿಯ 1.1.0 ಆವೃತ್ತಿಯಲ್ಲಿ ‘ಜೋಡಿ ಸಿಗದಿದ್ದರೆ ಎರರ್ ಕೊಡು’ ಅನ್ನೋ ಆಯ್ಕೆ ಬಂತು, ಬಹಳ ಒಳ್ಳೆ ಸುದ್ದಿ. ಆದರೆ ಅದು ಕೇಳಿದವರಿಗೆ ಮಾತ್ರ. ಕೇಳದಿದ್ದರೆ ಇವತ್ತಿಗೂ ಎಸೆಯೋದೇ ರೂಢಿ. ಪೆಂಗ್ವಿನ್ ಸಾಕಿ ಕಲಿತವರು ಕೇಳೋದು ಯಾವಾಗ? ಆಫೀಸಿನಲ್ಲಿ ಗ್ರಾಹಕರ ಪಟ್ಟಿ ಜೋಡಿಸುವಾಗ ಒಂದು ಸಾಲು ಉದುರಿದರೆ ಯಾರಿಗೋ ಒಂದು ಆಫರ್ ಮೇಲ್ ತಪ್ಪತ್ತೆ, ಅಷ್ಟೇ. ಇಲ್ಲಿ ಉದುರೋದು ಒಂದೂರಿನ ಬರ. ಆ ಊರನ್ನ ಬಿಟ್ಟು ತೆಗೆದ ಸರಾಸರಿ ಮಾತ್ರ ಸ್ಲೈಡ್ ಮೇಲೆ ನೀಟಾಗಿ ಕೂತಿರತ್ತೆ. ಲೆಫ್ಟ್ ಜಾಯಿನ್ ಮಾಡಿದ್ದರೆ ಕನಿಷ್ಠ ನಕ್ಷೆಯಲ್ಲಿ ಬೂದು ಬಣ್ಣವಾದರೂ ಉಳೀತಿತ್ತು, ನೋಡಿದವರು ‘ಇದ್ಯಾವ ಊರ್ರೀ?’ ಅಂತ ಕೇಳ್ತಿದ್ದರು.

ಸರ್ಕಾರದ ಪಟ್ಟಿಗಳಲ್ಲಿ ಪ್ರತಿ ಊರಿಗೂ ಒಂದು ಕೋಡ್ ಸಂಖ್ಯೆ ಇದೆಯಲ್ಲ, ಅದನ್ನೇ ಹಿಡಿದು ಜೋಡಿಸಿ ಅಂತ ಜಾಣರು ಹೇಳ್ತಾರೆ. ಸರಿ, ಸಂಖ್ಯೆ ಇದ್ದ ಕಡೆ ಹಾಗೇ ಮಾಡಬೇಕು. ಆದರೆ ಕೈಗೆ ಬರೋ ಎಕ್ಸೆಲ್ ಶೀಟುಗಳಲ್ಲಿ ಎಷ್ಟೋ ಸಲ ಇರೋದು ಹೆಸರೊಂದೇ.

ತಮಾಷೆ ಅಂದರೆ ಈ ಊರುಗಳ ಹೆಸರು ಕನ್ನಡದಲ್ಲಿ ಎಂದೋ ಕಂಪ್ಯೂಟರ್ ಹೊಕ್ಕಿವೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರೀಕರಣವಾಗಿ 20 ವರ್ಷದ ಮೇಲಾಯ್ತು, ರೈತರ ಕೈಗೆ ಬರೋ ಪಹಣಿಯಲ್ಲಿ ಗ್ರಾಮದ ಹೆಸರು ಕನ್ನಡದಲ್ಲೇ ಇರತ್ತೆ. ಕರ್ನಾಟಕದ ಹಳ್ಳಿಗಳು ಸುಮಾರು 29 ಸಾವಿರ. ಒಂದು ಕಾಲಂನಲ್ಲಿ ಕನ್ನಡದ ಹೆಸರು, ಒಂದರಲ್ಲಿ ಜನಗಣತಿಯ ಸಂಖ್ಯೆ, ಮೂರನೆಯದರಲ್ಲಿ ಇಂಗ್ಲಿಷ್‌ನಲ್ಲಿ ಕಂಡ ಕಾಗುಣಿತಗಳೆಲ್ಲ. ಇಷ್ಟೇ ಇರೋ ಒಂದು ಬೋರಿಂಗ್ ಪ್ಯಾಕೇಜ್. ಡೇಟಾಗೆ ಕ್ರಾನ್ ಇಟ್ಟಿರೋ 5 ಎಂಬಿ ಮಿತಿಯೊಳಗೆ ಆರಾಮಾಗಿ ಹಿಡಿಸತ್ತೆ. ಬೆಂಗಳೂರಿನಲ್ಲಿ ಕೂತು ವೀಕೆಂಡ್‌ಗೆ ಒಂದು ಡ್ಯಾಶ್‌ಬೋರ್ಡ್ ಮಾಡಿ ಹಾಕೋ ಗೆಳೆಯರು, ಸದ್ಯಕ್ಕೆ ಅದಕ್ಕೂ ಮುಂಚೆ ಒಂದು ಆಂಟಿ ಜಾಯಿನ್ ಓಡಿಸಿ, ಉದುರಿದ ಊರುಗಳ ಪಟ್ಟಿಯನ್ನ ನಕ್ಷೆಯ ಕೆಳಗೇ ಅಂಟಿಸಲಿ.