ಮುಟ್ಟಿದಲ್ಲಿಗೆ ನಿಲ್ಲುವ ಕೈ

1954ನೆಯ ಇಸವಿ ಜನವರಿ 17ರಂದು ಮಕಾವ್ ಪಟ್ಟಣದಲ್ಲಿ ಇಬ್ಬರು ಚೀನೀ ಉಸ್ತಾದರ ನಡುವೆ ಒಂದು ಪಂದ್ಯ ನಡೆಯಿತು. ಒಬ್ಬರು ತಾಯ್‌ಚಿ ಸಂಪ್ರದಾಯದ ವೂ ಗುಂಗ್‌ಯಿ, ಐವತ್ತು ದಾಟಿದವರು. ಇನ್ನೊಬ್ಬರು ಬಿಳಿ ಕೊಕ್ಕರೆಯ ವರಸೆಯಲ್ಲಿ ಪಳಗಿದ ಚಾನ್ ಹಾಕ್‌ಫು, ಮೂವತ್ತರ ಹರೆಯದವರು. ಅದಕ್ಕೆ ಮುಂಚೆ ಹಾಂಗ್‌ಕಾಂಗಿನ ಪತ್ರಿಕೆಗಳಲ್ಲಿ ಇವರಿಬ್ಬರ ನಡುವೆ ಬೇಕಾದಷ್ಟು ಮಾತಿನ ಕಾಳಗವಾಗಿತ್ತು. ತಾಯ್‌ಚಿ ಮೇಲೋ, ಕೊಕ್ಕರೆ ಮೇಲೋ ಎಂಬ ಚರ್ಚೆ ಬೆಳೆದು, ಕೊನೆಗೆ ಕೈಯಿಂದಲೇ ತೀರ್ಮಾನವಾಗಲಿ ಎಂಬಲ್ಲಿಗೆ ಬಂದಿತು. ಹಾಂಗ್‌ಕಾಂಗಿನಲ್ಲಿ ಅಂಥ ಪಂದ್ಯಕ್ಕೆ ಅವಕಾಶವಿಲ್ಲದ್ದರಿಂದ ಎಲ್ಲರೂ ದೋಣಿ ಹತ್ತಿ ಮಕಾವಿಗೆ ಹೋದರು. ಹಿಂದಿನ ತಿಂಗಳ ಕ್ರಿಸ್ಮಸ್ ರಾತ್ರಿ ಶೆಕ್‌ಕಿಪ್‌ಮೇ ಎಂಬಲ್ಲಿ ಬೆಂಕಿ ಬಿದ್ದು ಐವತ್ತು ಸಾವಿರಕ್ಕೂ ಮಿಕ್ಕ ಜನ ಮನೆ ಕಳೆದುಕೊಂಡಿದ್ದರು. ಪಂದ್ಯದ ಹಣ ಅಂಥವರ ಸಹಾಯಕ್ಕೆಂದು ಗೊತ್ತಾಗಿತ್ತು. ಆದ್ದರಿಂದ ಇದು ಹಗೆಯ ಕಾಳಗವಲ್ಲ, ಸ್ನೇಹದ ಪಂದ್ಯ ಎಂದು ಹೇಳಿಕೊಳ್ಳಲು ಆಧಾರವೂ ಇತ್ತು.

ಎರಡನೆಯ ಸುತ್ತಿನಲ್ಲೇ ಪಂದ್ಯ ಮುಗಿಯಿತು. ಕಿರಿಯರ ಮೂಗಿನಿಂದ ರಕ್ತ ಸುರಿಯುತ್ತಿತ್ತು. ತೀರ್ಪುಗಾರರು ನಡುವೆ ಬಂದು ಬಿಡಿಸಿ ಕೊಟ್ಟ ತೀರ್ಪು ಇಂದಿಗೂ ಒಂದು ಒಗಟು: ಗೆಲುವೂ ಅಲ್ಲ, ಸೋಲೂ ಅಲ್ಲ, ಸಮವೂ ಅಲ್ಲ! ತರ್ಕಶಾಸ್ತ್ರದವರು ಇದನ್ನು ಒಪ್ಪಲಾರರು. ಆದರೆ ಎರಡು ಗರಡಿಗಳ ಮಾನ ಉಳಿಸಬೇಕಾದ ಸಂದರ್ಭದಲ್ಲಿ ಇದಕ್ಕಿಂತ ಜಾಣತನದ ವಾಕ್ಯವನ್ನು ಯಾವ ಪಂಡಿತನೂ ರಚಿಸಲಾರನೆಂದು ನನ್ನ ನಂಬಿಕೆ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಮುಂದಿನ ಸಂಗತಿಯಿಂದ. ಮೂರೇ ದಿನಗಳಲ್ಲಿ, ಜನವರಿ 20ರಂದು, ಹಾಂಗ್‌ಕಾಂಗಿನ ಒಂದು ಸಂಜೆ ಪತ್ರಿಕೆಯಲ್ಲಿ ಲಿಯಾಂಗ್ ಯೂಷೆಂಗ್ ಎಂಬ ಹೆಸರಿನಿಂದ ಒಂದು ಧಾರಾವಾಹಿ ಆರಂಭವಾಯಿತು. ಪಂದ್ಯದಿಂದ ಜನರಿಗೆ ಹಿಡಿದ ಹುಚ್ಚನ್ನು ಕಂಡ ಸಂಪಾದಕರು ತಮ್ಮ ಕಚೇರಿಯ ತರುಣನೊಬ್ಬನನ್ನು ಹಿಡಿದು ಕೂರಿಸಿ ಬರೆಸಿದ್ದು ಅದು. ಮುಂದಿನ ವರ್ಷ ಅದೇ ಪತ್ರಿಕೆಗೆ ಅವನ ಸಹೋದ್ಯೋಗಿಯೂ ಬರೆಯಲು ತೊಡಗಿದ. ಅವನೇ ಜಿನ್ ಯೋಂಗ್. 2018ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಚೀನೀ ಭಾಷೆ ಬಲ್ಲವರಲ್ಲಿ ಅವನ ಹೆಸರು ಕೇಳದವರು ವಿರಳ. ಹೊಸ ವೂಷ್ಯಾ ಕಾದಂಬರಿ, ಎಂದರೆ ಖಡ್ಗವೀರರ ಕಥೆ, ಹುಟ್ಟಿದ್ದು ಹೀಗೆ: ಅರ್ಧಕ್ಕೆ ನಿಂತ ಒಂದು ಸ್ನೇಹಪಂದ್ಯದಿಂದ.

ಆ ಪಂದ್ಯವನ್ನು ಚಿತ್ರೀಕರಿಸಿದ್ದರು. ಆ ಚಿತ್ರ ಉಳಿದಿದೆ. ನೋಡಿದವರಿಗೆ ನಿರಾಸೆಯಾಗುವುದು ಖಂಡಿತ. ಅಲ್ಲಿ ಕೊಕ್ಕರೆಯ ರೆಕ್ಕೆಯೂ ಇಲ್ಲ, ತಾಯ್‌ಚಿಯ ಹರಿವ ನೀರೂ ಇಲ್ಲ. ಇಬ್ಬರು ಮನುಷ್ಯರು ಅಂಜಿಕೆಯಿಂದ ಹಿಂದೆ ಸರಿಯುತ್ತ, ಕೈ ಬೀಸುತ್ತ, ಮತ್ತೆ ಮುನ್ನುಗ್ಗುತ್ತ ಇದ್ದಾರೆ, ಅಷ್ಟೇ. ಮೂರು ದಿನಗಳ ಮೇಲೆ ಆರಂಭವಾದ ಕಥೆಯ ಲೋಕದಲ್ಲಾದರೋ ವೀರರು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾರೆ. ವೇದಿಕೆಯ ಮೇಲೆ ಕಾಣದ್ದನ್ನು ಓದುಗರಿಗೆ ಕಾದಂಬರಿ ಒದಗಿಸಿತು. ಒಂದು ಸಾಹಿತ್ಯಪ್ರಕಾರ ಇಷ್ಟು ನಿಚ್ಚಳವಾಗಿ ಲೋಕದ ಕೊರತೆಯನ್ನು ತುಂಬಿಕೊಟ್ಟದ್ದಕ್ಕೆ ಬೇರೆ ಉದಾಹರಣೆ ನನಗೆ ಹೊಳೆಯದು.

ಬೇರೆ ಬೇರೆ ವರಸೆಯವರು ಸ್ನೇಹದಿಂದ ಕೈ ಕೈ ಕೂಡಿಸುವುದಕ್ಕೆ ಚೀನೀ ಭಾಷೆಯಲ್ಲಿ ‘ಚಿಯೆತ್ಸುವೊ’ ಎಂಬ ಮಾತಿದೆ. ಮೂಳೆಯನ್ನು ಕೊರೆಯುವುದು, ದಂತವನ್ನು ಉಜ್ಜುವುದು ಎಂದು ಅದರ ಮೂಲಾರ್ಥ. ಅವರ ಅತಿ ಪ್ರಾಚೀನ ಗೀತಸಂಗ್ರಹದಲ್ಲೇ ಬರುವ ಮಾತು. ಕನ್‌ಫ್ಯೂಷಿಯಸನ ಶಿಷ್ಯನೊಬ್ಬ ಗುರುವಿನ ಇದಿರು ಅದನ್ನೇ ನೆನೆಯುತ್ತಾನೆ. ವಿದ್ವಾಂಸರು ಪರಸ್ಪರ ಚರ್ಚಿಸಿ ತಿದ್ದಿಕೊಳ್ಳುವುದಕ್ಕೂ ಅದೇ ಪದ, ಜಟ್ಟಿಗಳು ಪಟ್ಟು ಪರೀಕ್ಷಿಸುವುದಕ್ಕೂ ಅದೇ ಪದ. ಕನ್ನಡದಲ್ಲಿ ‘ಕತ್ತಿ ಮಸೆಯುವುದು’ ಎಂದರೆ ಹಗೆ ಸಾಧಿಸುವುದೆಂದೇ ಅರ್ಥ; ಹಲ್ಲು ಮಸೆಯುವುದೂ ಅಂಥದೇ. ಅಲ್ಲಿ ಉಜ್ಜುವಿಕೆ ಗೆಳೆತನದ ಹೆಸರು. ಈ ಆಟಕ್ಕೆ ಇನ್ನೊಂದು ಕಟ್ಟಳೆಯ ಮಾತೂ ಉಂಟು: ತಗುಲಿದರೆ ಸಾಕು, ಅಲ್ಲಿಗೆ ನಿಲ್ಲಿಸು. ಹೊಡೆಯಬಲ್ಲೆನೆಂದು ತೋರಿಸಬೇಕು, ಹೊಡೆಯಬಾರದು.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ವೀರರಸದ ಸ್ಥಾಯಿ ಉತ್ಸಾಹ, ರೌದ್ರದ ಸ್ಥಾಯಿ ಕ್ರೋಧ. ತರಗತಿಯಲ್ಲಿ ಇವುಗಳ ಭೇದ ಹೇಳುವಾಗ ಪ್ರತಿ ವರ್ಷವೂ ನನಗೆ ಉದಾಹರಣೆಯ ಕಷ್ಟ. ಯುದ್ಧವರ್ಣನೆ ಇದ್ದ ಕಡೆಯೆಲ್ಲ ಉತ್ಸಾಹದ ಬೆನ್ನಿಗೆ ಕ್ರೋಧ ಬಂದೇ ಬರುತ್ತದೆ; ರನ್ನನ ಭೀಮನಲ್ಲಿ ಎರಡನ್ನೂ ಬಿಡಿಸಿ ತೋರಿಸಬಲ್ಲ ಮೇಷ್ಟರು ಯಾರು? ಸ್ನೇಹದ ಪಂದ್ಯದಲ್ಲಿ ಮಾತ್ರ ಕ್ರೋಧಕ್ಕೆ ಜಾಗವಿಲ್ಲ. ಉತ್ಸಾಹವೊಂದೇ ನಿಲ್ಲಬೇಕು. ಆದ್ದರಿಂದಲೇ ಅದನ್ನು ಬರೆಯುವುದು ಕಾಳಗ ಬರೆಯುವುದಕ್ಕಿಂತ ಕಷ್ಟ. ಸಾವಿನ ಭಯವಿಲ್ಲದೆ, ಸೇಡಿನ ಬಿಸಿಯಿಲ್ಲದೆ ಓದುಗನನ್ನು ಹಿಡಿದು ನಿಲ್ಲಿಸುವುದೆಂದರೆ ಸಾಮಾನ್ಯವೇ?

ಚೀನೀ ಭಾಷೆ ತಿಳಿಯದ ನಾನು ಅನುವಾದಗಳನ್ನೂ ಇತರರ ನಿರೂಪಣೆಗಳನ್ನೂ ನೆಚ್ಚಿ ಓದಿದವನು. ಆದರೂ ಜಿನ್ ಯೋಂಗನಲ್ಲಿ ಈ ಕಷ್ಟವನ್ನು ಗೆದ್ದ ಒಂದು ಪ್ರಸಂಗ ಇದೆಯೆಂದು ಧೈರ್ಯವಾಗಿ ಹೇಳಬಲ್ಲೆ. 1957ರಲ್ಲಿ ಆರಂಭವಾದ ಅವನ ‘ಗರುಡವೀರರ’ ಕಥೆಯಲ್ಲಿ ಹುವಾ ಪರ್ವತದ ಮೇಲೆ ಐವರು ಮಹಾವೀರರು ಕೂಡುವುದೇ ಪ್ರಸಿದ್ಧವಾದ ಸಂದರ್ಭ. ಅದರ ಹೆಸರು ಕೂಡ ಕಾಳಗವೆಂದಲ್ಲ, ಖಡ್ಗವಿಚಾರ ಎಂದು. ಖಡ್ಗವನ್ನು ಕುರಿತು ಚರ್ಚಿಸುತ್ತಾರೆ, ಖಡ್ಗದಿಂದಲೇ! ಆದರೆ ನನಗೆ ಆ ಭಾಗ ಅಷ್ಟಾಗಿ ರುಚಿಸದು. ಗೆದ್ದವನಿಗೆ ಒಂದು ರಹಸ್ಯಗ್ರಂಥ ದೊರೆಯುವುದೆಂದು ಮೊದಲೇ ಗೊತ್ತಾಗಿದೆ. ಬಹುಮಾನವನ್ನು ಮುಂದಿಟ್ಟ ಮೇಲೆ ಸ್ನೇಹವೆಲ್ಲಿ? ಐವರೂ ಗ್ರಂಥದ ಕಡೆಗೇ ಒಂದು ಕಣ್ಣಿಟ್ಟವರು. ಅದೇ ಕಾದಂಬರಿಯಲ್ಲಿ ಝೌ ಬೋತೊಂಗ್ ಎಂಬ ಮುದುಕ ಹದಿನೈದು ವರ್ಷ ಒಂದು ದ್ವೀಪದ ಗುಹೆಯಲ್ಲಿ ಒಬ್ಬನೇ ಇದ್ದು, ಬೇಸರ ಕಳೆಯಲು ತನ್ನ ಎಡಗೈಯನ್ನು ಬಲಗೈಯ ಮೇಲೆ ಬಿಟ್ಟು ಕಾದಾಡಿಸುತ್ತಾನೆ. ಇದು ಹಾಸ್ಯವೇ ಸರಿ. ಆದರೆ ಬಹುಮಾನದ ಗೊಡವೆಯಿಲ್ಲದ ಪಂದ್ಯ ಆ ಕಥೆಯಲ್ಲಿ ಇದೊಂದೇ ಎಂಬುದನ್ನು ಗಮನಿಸಬೇಕು.

ನಾನು ಹೇಳಹೊರಟ ಪ್ರಸಂಗ ಮುಂದಿನ ಕಾದಂಬರಿಯದು. 1959ರ ಮೇ ತಿಂಗಳಲ್ಲಿ ಜಿನ್ ಯೋಂಗ್ ತನ್ನದೇ ಆದ ‘ಮಿಂಗ್ ಪಾವ್’ ಪತ್ರಿಕೆಯನ್ನು ತೆರೆದ ದಿನವೇ ಆ ಧಾರಾವಾಹಿಯೂ ತೊಡಗಿತು. ಭಿಕ್ಷುಕರ ಪಂಗಡದ ಹಿರಿಯ ಹೊಂಗ್ ಚಿಗೊಂಗ್, ‘ಪಶ್ಚಿಮದ ವಿಷ’ವೆಂದೇ ಹೆಸರಾದ ಓಯಾಂಗ್ ಫೆಂಗ್ ಇಬ್ಬರೂ ಜೀವಮಾನದ ವೈರಿಗಳು. ಎರಡನೆಯವನಿಗೆ ಈಗ ಬುದ್ಧಿ ಕೆಟ್ಟು ತನ್ನ ಹೆಸರೇ ಮರೆತಿದೆ. ಇಬ್ಬರೂ ಅದೇ ಹುವಾ ಪರ್ವತದ ಹಿಮದಲ್ಲಿ ಎದುರಾಗಿ ದಿನಗಟ್ಟಲೆ ಹೊಡೆದಾಡಿ ಕೈ ಎತ್ತಲಾರದಂತೆ ಬಳಲುತ್ತಾರೆ. ಆಗ ನಡುವೆ ಯಾಂಗ್ ಗುವೊ ಎಂಬ ಹುಡುಗ ಬರುತ್ತಾನೆ. ಹೊಂಗ್ ತನ್ನ ಕೋಲುವರಸೆಯ ಒಂದೊಂದು ಪಟ್ಟನ್ನೂ ಹುಡುಗನಿಗೆ ಹೇಳಿಕೊಡುತ್ತಾನೆ. ಹುಡುಗ ಅದನ್ನು ಓಯಾಂಗನ ಮುಂದೆ ಮಾಡಿ ತೋರಿಸುತ್ತಾನೆ. ಓಯಾಂಗ್ ಕೂತಲ್ಲೇ ಯೋಚಿಸಿ ಪ್ರತಿಪಟ್ಟು ಹೇಳುತ್ತಾನೆ. ಹೀಗೆ ಮಲಗಿದ ಮುದುಕರಿಬ್ಬರು ಮೂರನೆಯವನ ಮೈಯಲ್ಲಿ ಕಾದುತ್ತಾರೆ. ಕಡೆಯ ಪಟ್ಟು ಬಂದಾಗ ಓಯಾಂಗನಿಗೆ ಉತ್ತರ ಹೊಳೆಯದು. ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸುತ್ತಾನೆ; ಬೆಳಗಾಗುವಷ್ಟರಲ್ಲಿ ಹಣ್ಣು ಹಣ್ಣು ಮುದುಕನಾಗಿದ್ದಾನೆ, ಆದರೆ ಉತ್ತರ ಸಿಕ್ಕಿದೆ. ಅದನ್ನು ಕಂಡ ಹೊಂಗ್ ಹಿಗ್ಗಿ, ಕೂಗಿ ಹೊಗಳಿ, ವೈರಿಯನ್ನು ಅಪ್ಪಿಕೊಳ್ಳುತ್ತಾನೆ. ಇಬ್ಬರೂ ನಗುನಗುತ್ತ ಹಾಗೆಯೇ ಪ್ರಾಣ ಬಿಡುತ್ತಾರೆ.

ತನ್ನ ಅತ್ಯುತ್ತಮ ಪಟ್ಟು ಮುರಿದುಬಿದ್ದಾಗ ಹಿಗ್ಗುವ ಮನುಷ್ಯ! ಈ ಒಂದು ಕ್ಷಣಕ್ಕಾಗಿ ಕಾದಂಬರಿಯ ಉಳಿದ ಎಷ್ಟೋ ಅತಿರೇಕಗಳನ್ನು ನಾನು ಕ್ಷಮಿಸಬಲ್ಲೆ. ಹೊಂಗನ ಸಂತೋಷಕ್ಕೆ ಕಾರಣ ಸ್ಪಷ್ಟ: ತನ್ನ ವಿದ್ಯೆಯನ್ನು ಇಷ್ಟು ಆಳವಾಗಿ ಅರಿತವನು ಜಗತ್ತಿನಲ್ಲಿ ಇನ್ನೊಬ್ಬನಿದ್ದಾನೆ. ಶಿಷ್ಯರು ಕಲಿಯುತ್ತಾರೆ, ಅಭಿಮಾನಿಗಳು ಹೊಗಳುತ್ತಾರೆ. ಅರಿಯುವವನು ಇದಿರಾಳಿ ಮಾತ್ರ. ನನ್ನ ಆಕ್ಷೇಪವೇನಿದ್ದರೂ ಮರಣದ ವಿಚಾರದಲ್ಲಿ. ಅವರಿಬ್ಬರೂ ಮರುದಿನವೂ ಬದುಕಿದ್ದರೆ ಏನಾಗುತ್ತಿತ್ತು? ಹಸಿವಾದಾಗ, ಹಳೆಯ ಕೊಲೆಗಳು ನೆನಪಾದಾಗ ಆ ಅಪ್ಪುಗೆ ಉಳಿಯುತ್ತಿತ್ತೇ? ಲೇಖಕ ಆ ಪ್ರಶ್ನೆಯನ್ನು ಹಿಮದಲ್ಲಿ ಹೂತುಬಿಟ್ಟಿದ್ದಾನೆ. ಧಾರಾವಾಹಿ ಬರೆಯುವವನಿಗೆ ನಾಳೆಯ ಕಂತಿನ ಅವಸರ, ಇರಲಿ.

ಚಲಚ್ಚಿತ್ರಗಳ ಮಾತು ಬೇರೆ. 2008ರಲ್ಲಿ ಬಂದ ‘ಇಪ್ ಮಾನ್’ ಚಿತ್ರ ಚೆನ್ನಾಗಿಯೇ ತೊಡಗುತ್ತದೆ. ಫೋಷಾನ್ ಪಟ್ಟಣದ ವಿಂಗ್ ಚುನ್ ಉಸ್ತಾದ ಇಪ್ ಮಾನ್ ಮನೆಯಲ್ಲಿ ಊಟಕ್ಕೆ ಕೂತಿರುವಾಗ ಇನ್ನೊಂದು ಗರಡಿಯ ಲಿಯಾವೊ ಪರೀಕ್ಷೆಗೆ ಬರುತ್ತಾನೆ. ಬಂದವನಿಗೆ ಉಪಚಾರವಾಗಿ, ಬಾಗಿಲು ಮುಚ್ಚಿ, ಹೊರಗಿನವರಾರೂ ನೋಡದಂತೆ ಇಬ್ಬರೂ ಕೈ ಕೂಡಿಸುತ್ತಾರೆ. ಬಾಗಿಲು ಮುಚ್ಚುವುದರಲ್ಲೇ ಈ ಸಂಪ್ರದಾಯದ ಜೀವವಿದೆ. ಸೋತವನು ಸೋತದ್ದನ್ನು ಕಲಿಯಬೇಕು. ಊರಿಗೆ ಅದು ತಿಳಿಯಬೇಕಾದ್ದಿಲ್ಲ. ಆದರೆ ಗಾಳಿಪಟ ಬಿಡಿಸಲು ಮರ ಹತ್ತಿದವನೊಬ್ಬ ಎಲ್ಲವನ್ನೂ ನೋಡಿ ಚಹದಂಗಡಿಯಲ್ಲಿ ಡಂಗುರ ಹೊಡೆಯುತ್ತಾನೆ, ಲಿಯಾವೊನ ಮಾನ ಹೋಗುತ್ತದೆ. ಎಂಥ ಕಥೆಗೆ ಬೀಜ ಇದು! ನಿರ್ದೇಶಕರು ಅದನ್ನು ಅಲ್ಲಿಗೇ ಕೈಬಿಟ್ಟು, ಯುದ್ಧಕಾಲಕ್ಕೆ ಹಾರಿ, ನಾಯಕನಿಂದ ಹತ್ತು ಮಂದಿ ಜಪಾನೀಯರನ್ನು ಒಟ್ಟಿಗೆ ಹೊಡೆಸುತ್ತಾರೆ. ಉತ್ಸಾಹ ಹೋಗಿ ಕ್ರೋಧ ಬಂದಿತು, ಚಪ್ಪಾಳೆಯೂ ಬಂದಿತು.

ವೋಂಗ್ ಕಾರ್-ವಾಯ್ 2013ರಲ್ಲಿ ಅದೇ ಇಪ್ ಮಾನನನ್ನು ಕುರಿತು ತೆಗೆದ ಚಿತ್ರ ಇದಕ್ಕಿಂತ ಎಷ್ಟೋ ಮೇಲು. ಉತ್ತರದ ಹಿರಿಯ ಗೋಂಗ್ ಯೂತಿಯನ್ ನಿವೃತ್ತನಾಗುವ ಮುನ್ನ ದಕ್ಷಿಣದವರ ಸತ್ತ್ವ ನೋಡಲು ಬರುತ್ತಾನೆ. ಅವನು ಮುಂದೊಡ್ಡುವುದು ಮುಷ್ಟಿಯನ್ನಲ್ಲ, ಒಂದು ರೊಟ್ಟಿಯನ್ನು. ಇದನ್ನು ಮುರಿಯಬಲ್ಲೆಯಾ ಎನ್ನುತ್ತಾನೆ. ಕೈಗಳೆರಡು ಆ ರೊಟ್ಟಿಯ ಸುತ್ತ ಸುಳಿದು ನಿಲ್ಲುತ್ತವೆ. ಕೊಂಚ ಹೊತ್ತಿನ ಮೇಲೆ ಅದು ಬಿರಿಯುತ್ತದೆ. ಅನಂತರ ಅವನ ಮಗಳು ಗೋಂಗ್ ಏರ್ ತಂದೆಯ ಮನೆತನದ ಗೌರವಕ್ಕಾಗಿ ಕಾದಲು ಬಂದಾಗ ಇಪ್ ಮಾನ್ ಒಂದು ಕರಾರು ಹಾಕಿಕೊಳ್ಳುತ್ತಾನೆ: ಆ ಅಲಂಕಾರದ ಭವನದಲ್ಲಿ ಯಾವ ವಸ್ತು ಒಡೆದರೂ ತಾನು ಸೋತಂತೆ. ಕೊನೆಗೆ ಅವನ ಪಾದದಡಿ ಮೆಟ್ಟಿಲ ಹಲಗೆಯೊಂದು ಮುರಿಯುತ್ತದೆ; ಅವನು ಸೋಲೊಪ್ಪುತ್ತಾನೆ. ಏಟನ್ನಲ್ಲದೆ ಸಂಯಮವನ್ನು ಅಳೆಯುವ ಇಂಥ ಕಟ್ಟಳೆಯಲ್ಲಿ ಔಚಿತ್ಯವಿದೆ. ಆದರೆ ನಿರ್ದೇಶಕರಿಗೆ ಮಳೆಹನಿ, ಜರತಾರಿ, ಮಂದಗತಿಗಳ ಮೋಹ ಹೆಚ್ಚು. ವರಸೆ ವರಸೆಗೆ ಭೇದವೇನೆಂದು ತಿಳಿಯಬಯಸುವ ನೋಟಕನಿಗೆ ಕಾಣುವುದು ಬರಿಯ ತೋಳು, ಬರಿಯ ನೀರು. ಉತ್ತರದ ಬಾಗ್ವಾ ಪಂಥದವರು ವರ್ತುಲವಾಗಿ ನಡೆಯುತ್ತಾರೆ. ದಕ್ಷಿಣದ ವಿಂಗ್ ಚುನ್ ನಡುರೇಖೆಯನ್ನು ಬಿಡದು. ಸುತ್ತುವವನಿಗೂ ನೇರ ಬರುವವನಿಗೂ ಆಗುವ ವಾದವೇ ಪಂದ್ಯದ ಅರ್ಥ. ಅದು ಸೌಂದರ್ಯದಲ್ಲಿ ಮುಳುಗಿಹೋಗಿದೆ.

ಲೋಕದ ಇತಿಹಾಸದಲ್ಲಿ ಈ ವಾದ ಫಲ ಕೊಟ್ಟದ್ದುಂಟು. ಬಾಗ್ವಾದ ಮೂಲಪುರುಷ ದುಂಗ್ ಹಾಯ್‌ಚುವಾನ್, ಶಿಂಗ್‌ಯಿಯ ಗುವೊ ಯುನ್‌ಶೆನ್ ಮೂರು ದಿನ ಕಾದಾಡಿ ಗೆಳೆಯರಾದರೆಂಬ ಐತಿಹ್ಯವನ್ನು ಚರಿತ್ರಕಾರರು ನಂಬುವುದಿಲ್ಲ. ಆದರೆ ಎರಡು ಪಂಥಗಳವರು ಕೂಡಿ ಬಾಳಿದ್ದು ನಿಜ. 1933ರಲ್ಲಿ ತೀರಿಕೊಂಡ ಸುನ್ ಲುತಾಂಗ್ ಇವೆರಡನ್ನೂ ಕಲಿತು, ನಡುವಯಸ್ಸು ದಾಟಿದ ಮೇಲೆ ತಾಯ್‌ಚಿಯನ್ನೂ ಕಲಿತು, ಮೂರರ ಮೇಲೂ ಪುಸ್ತಕ ಬರೆದ. ಅವನಿಗೆ ತಾಯ್‌ಚಿ ಕಲಿಸಿದವನು, ಊರಿಲ್ಲದ ಊರಿನಲ್ಲಿ ಕಾಯಿಲೆ ಬಿದ್ದು ಅವನಿಂದಲೇ ಶುಶ್ರೂಷೆ ಪಡೆದ ಹಾವ್ ವೇಯ್‌ಝೆನ್.

ಇಷ್ಟಾದರೂ ಒಂದು ಸಂದೇಹ ನನ್ನನ್ನು ಬಿಡದು. 2017ರ ಏಪ್ರಿಲಿನಲ್ಲಿ ಚೆಂಗ್ಡುವಿನಲ್ಲಿ ಷು ಶಿಯಾವೊಡುಂಗ್ ಎಂಬ ಆಧುನಿಕ ಮಿಶ್ರಕಾಳಗದ ಜಟ್ಟಿ ತಾಯ್‌ಚಿ ಗುರುವೆನಿಸಿಕೊಂಡವನೊಬ್ಬನನ್ನು ಅರ್ಧ ನಿಮಿಷವೂ ಹಿಡಿಯದಂತೆ ಉರುಳಿಸಿದ. ಚೀನದಲ್ಲಿ ಅದರಿಂದ ಎದ್ದ ಗದ್ದಲ ದೊಡ್ಡದು. ಸಂಪ್ರದಾಯವನ್ನು ಅವಮಾನಿಸಿದನೆಂದು ಷುವನ್ನು ಬೈದವರೇ ಬಹಳ. ಆದರೆ ಅವನ ಪ್ರಶ್ನೆಗೆ ಬೈಗುಳ ಉತ್ತರವಲ್ಲ. ತಲೆಮಾರುಗಟ್ಟಲೆ ಮುಟ್ಟಿದಲ್ಲಿಗೆ ಕೈ ನಿಲ್ಲಿಸುತ್ತ ಬಂದವರಿಗೆ, ನಿಲ್ಲಿಸದೆ ಹೋದರೆ ಏನಾಗುತ್ತಿತ್ತೆಂಬುದೇ ಮರೆತುಹೋಗಿಲ್ಲವೇ? ಗೆಲುವೂ ಅಲ್ಲ, ಸೋಲೂ ಅಲ್ಲ ಎಂಬ ತೀರ್ಪು ಮಾನವನ್ನು ಕಾಯುತ್ತದೆ; ಅದರ ಮರೆಯಲ್ಲಿ ಟೊಳ್ಳು ವಿದ್ಯೆಯೂ ಬದುಕುತ್ತದೆ. ನಮ್ಮ ಪುಸ್ತಕವಿಮರ್ಶೆಗಳನ್ನು ಓದುವ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆನ್ನುಡಿಯ ಸೌಜನ್ಯದಲ್ಲಿ ಎಷ್ಟು ಕವನಸಂಕಲನಗಳು ಪೆಟ್ಟಿಲ್ಲದೆ ದಾಟಿಹೋಗಿಲ್ಲ!

ಹಾಗೆಂದು ಉತ್ತರ ಷುವಿನ ಮುಷ್ಟಿಯಲ್ಲೂ ಇಲ್ಲ. ಚೆಂಗ್ಡುವಿನ ಆ ಪಂದ್ಯದಿಂದ ಸೋತವನು ಏನನ್ನೂ ಕಲಿಯಲಿಲ್ಲ, ಗೆದ್ದವನಿಗೂ ಹೊಸದೇನೂ ತಿಳಿಯಲಿಲ್ಲ. ಹುವಾ ಪರ್ವತದ ಮುದುಕನಿಗಾದರೋ ಕಡೆಯ ಪಟ್ಟು ಮುರಿಯಲು ಒಂದು ಇಡೀ ರಾತ್ರಿ ಬೇಕಾಯಿತು. ಹೊಂಗ್ ತನ್ನ ಪಟ್ಟನ್ನು ಸಡಿಲಿಸಿ ತೋರಿಸಲಿಲ್ಲ. ಓಯಾಂಗ್ ಉತ್ತರ ಸಿಕ್ಕಿತೆಂದು ಸುಳ್ಳು ಹೇಳಲಿಲ್ಲ. ಇಬ್ಬರ ನಡುವೆ ಓಡಾಡಿದ ಹುಡುಗ ಕೇಳಿದ್ದನ್ನು ಕೇಳಿದಂತೆಯೇ ಮಾಡಿ ತೋರಿಸಿದ. ಜಿನ್ ಯೋಂಗನನ್ನು ಕುರಿತು ಬರೆಯುವವರು ಈ ಹುಡುಗನ ಕಡೆ ಅಷ್ಟಾಗಿ ನೋಡಿದಂತೆ ಕಾಣದು. ಪಂದ್ಯದಲ್ಲಿ ಅವನದೆಂಬ ಪಟ್ಟು ಒಂದೂ ಇಲ್ಲ. ಎರಡು ವರಸೆಗಳೂ ಅವನ ಮೈಯಲ್ಲಿ ಉಳಿದವು.