ರಿಂಗಿನ ಬೊಬ್ಬೆ, ಬ್ಯಾಂಕಿನ ಕಾಗದ

2020ರ ‘ಸ್ಕ್ಯಾಮ್ 1992’ ಸರಣಿಯ ಬಗ್ಗೆ ನನ್ನ ತಕರಾರು ಒಂದೇ. ಹನ್ಸಲ್ ಮೆಹ್ತಾ ಮುಂಬೈ ಷೇರುಪೇಟೆಯ ರಿಂಗನ್ನು ರಂಗಸ್ಥಳ ಮಾಡುತ್ತಾರೆ: ಬೊಬ್ಬೆ, ಕೈಸನ್ನೆ, ಬೆವರು. ಹರ್ಷದ್ ಬರುವುದು ನಮ್ಮ ಬಣ್ಣದ ವೇಷದ ಪ್ರವೇಶದ ಹಾಗೆ. ನಾನೂ ಮೈಮರೆತೆ, ಸುಳ್ಳು ಹೇಳುವುದಿಲ್ಲ.

ಆದರೆ ಹಗರಣದ ಬೇರು ರಿಂಗಿನಲ್ಲಿ ಇರಲಿಲ್ಲವಲ್ಲ! ಬ್ಯಾಂಕುಗಳು ತಮ್ಮೊಳಗೆ ಸರ್ಕಾರಿ ಸಾಲಪತ್ರ ಮಾರುವಾಗ ಪತ್ರದ ಬದಲು ‘ಬ್ಯಾಂಕ್ ರಸೀದಿ’ ಕೊಡುತ್ತಿದ್ದವು. ಹಿಂದೆ ಪತ್ರವೇ ಇಲ್ಲದ ರಸೀದಿಗೂ ದುಡ್ಡು ಹೊರಟಿತು, ಷೇರಿಗೆ ಹರಿಯಿತು. ಸರಣಿ ಇದನ್ನು ಮಾತಿನಲ್ಲಿ ವಿವರಿಸುತ್ತದೆ, ನಿಜ. ಕಣ್ಣಲ್ಲಿ ಉಳಿಯುವುದು ಮಾತ್ರ ಬೊಬ್ಬೆ. 1995ರಲ್ಲಿ ಕಂಪ್ಯೂಟರ್ ಬಂದು ಆ ಬೊಬ್ಬೆ ನಿಂತಿತು. 2001ರ ಕೇತನ್ ಪಾರೇಖ್ ಪ್ರಕರಣಕ್ಕೆ ರಿಂಗ್ ಬೇಕಾಗಲೇ ಇಲ್ಲ. ಅಲ್ಲಿಯೂ ಬ್ಯಾಂಕಿನ ಕಾಗದವೇ, ಈ ಸಲ ಪೇ ಆರ್ಡರ್.

ಕಾಸರಗೋಡಿನ ಅಡಿಕೆ ಮನೆಯವನಾದ ನನಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ದರವನ್ನು ಯಾರೂ ಕೂಗುವುದಿಲ್ಲ. ಅಪ್ಪ ಫೋನಿನಲ್ಲಿ “ಇವತ್ತು ಎಷ್ಟುಂಟು?” ಎಂದು ಕೇಳುತ್ತಾರೆ, ಚೀಲ ಕಟ್ಟುತ್ತಾರೆ, ಇಲ್ಲವೇ ಬಿಚ್ಚುತ್ತಾರೆ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೇ ದರ ಬೆಳೆಗಾರರ ಕೈಯಲ್ಲಿ ಇರದಿದ್ದಕ್ಕೆ. ಹೀಗೆ ದರ ಕೇಳಿಕೊಂಡು ಬದುಕುವವರ ಬಳಿ ಹತ್ತು ಕಂತುಗಳಲ್ಲಿ ಕ್ಯಾಮೆರಾ ನಿಂತದ್ದು ತೀರಾ ಕಡಿಮೆ.