ಅವಳು ಏನಂದಳು?

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿನಲ್ಲಿ ಮಾರ್ವಿನ್ ಗೇಯ 'ಐ ವಾಂಟ್ ಯು' ಆಲ್ಬಂ ಹಾಕಿಕೊಂಡು ಕೂತಿದ್ದೆ. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಹಾಗಾಗಿ ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲೇ ಹಾಕುವ ಧೈರ್ಯ ಬಂದಿತ್ತು. ಹಾಲ್‌ನಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದ ಹೆಂಡತಿ ಅಷ್ಟೂ ಹೊತ್ತು ಏನೂ ಹೇಳಲಿಲ್ಲ. ಆಲ್ಬಂ ಮುಗಿದ ಮೇಲೆ, "ಅಲ್ರೀ, ಇಷ್ಟೊತ್ತೂ ನೀನು ಬೇಕು, ನೀನು ಬೇಕು ಅಂತ ಹಾಡಿದ್ನಲ್ಲ, ಕೊನೆಗೆ ಅವಳೇನಂದ್ಲು?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಆಲ್ಬಂ ಬಗ್ಗೆ ಇಪ್ಪತ್ತು ವರ್ಷದಿಂದ ಓದುತ್ತಾ ಬಂದವನು ನಾನು. ಬೈದವರನ್ನೂ ಓದಿದ್ದೇನೆ, ಹೊಗಳಿದವರನ್ನೂ ಓದಿದ್ದೇನೆ. ಈ ಪ್ರಶ್ನೆಯನ್ನು ಅವರಲ್ಲಿ ಯಾರೂ ಕೇಳಿದ್ದು ನನಗೆ ನೆನಪಾಗಲಿಲ್ಲ. ಅಂದು ರಾತ್ರಿ ಕೂತು ಆ ವಿಮರ್ಶೆಗಳನ್ನು ಮತ್ತೊಮ್ಮೆ ಓದತೊಡಗಿದೆ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮಾರ್ವಿನ್ ಗೇ ಹುಟ್ಟಿದ್ದು 1939ರಲ್ಲಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ. ಅಪ್ಪ ಚರ್ಚಿನ ಬೋಧಕ, ಮನೆಯಲ್ಲಿ ಬಹಳ ಕಟ್ಟುನಿಟ್ಟು. ಮಗ ಹಾಡಲು ಕಲಿತದ್ದು ಆ ಚರ್ಚಿನಲ್ಲೇ. ಮುಂದೆ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಸೇರಿ ಪ್ರೇಮಗೀತೆಗಳ ತಾರೆಯಾದ. 1971ರಲ್ಲಿ 'ವಾಟ್ಸ್ ಗೋಯಿಂಗ್ ಆನ್' ಬಂತು. ವಿಯೆಟ್ನಾಂ ಯುದ್ಧ, ಕಪ್ಪು ಜನರ ಬಡತನ, ಹಾಳಾಗುತ್ತಿರುವ ಪರಿಸರ ಎಲ್ಲವೂ ಅದರಲ್ಲಿ ಹಾಡಾಗಿದ್ದವು. ಶೀರ್ಷಿಕೆ ಗೀತೆಯನ್ನು ಹೊರತರಲು ಕಂಪನಿಯ ಯಜಮಾನ ಬೆರಿ ಗೋರ್ಡಿಗೇ ಮನಸ್ಸಿರಲಿಲ್ಲ. ಹೊರಬಂದ ಮೇಲೆ ಮಾತ್ರ ಮಾರ್ವಿನ್‌ಗೆ ಹೊಸದೊಂದು ಪಟ್ಟ ಸಿಕ್ಕಿತು. ಅಂದಿನಿಂದ ಅವನು ಬರೀ ಗಾಯಕನಾಗಿ ಉಳಿಯಲಿಲ್ಲ, ಒಂದು ಕಾಲದ ಆತ್ಮಸಾಕ್ಷಿಯಾದ.

ತೊಡಕು ಶುರುವಾದದ್ದೂ ಅಲ್ಲಿಂದಲೇ. 1973ರಲ್ಲಿ ಬಂದ 'ಲೆಟ್ಸ್ ಗೆಟ್ ಇಟ್ ಆನ್' ನೇರವಾಗಿ ದೇಹದ ಬಯಕೆಯ ಆಲ್ಬಂ. ಜನ ಮುಗಿಬಿದ್ದು ಕೊಂಡರು, ವಿಮರ್ಶಕರೂ ಹೆಚ್ಚಾಗಿ ಒಪ್ಪಿದರು. ಆದರೆ ಅಲ್ಲೂ ಹಿಂದಿನ ಆಲ್ಬಂ ಅಳತೆಗೋಲಾಗಿ ಜೊತೆಗೇ ಬಂತು. ಮೂರು ವರ್ಷದ ನಂತರ, 1976ರ ಮಾರ್ಚ್‌ನಲ್ಲಿ 'ಐ ವಾಂಟ್ ಯು' ಹೊರಬಂದಾಗ ವಿಮರ್ಶಕರ ತಾಳ್ಮೆ ಮುಗಿದಿತ್ತು. ಬಿಲ್‌ಬೋರ್ಡ್‌ನ ಸೋಲ್ ಪಟ್ಟಿಯಲ್ಲಿ ಅದು 1ನೇ ಸ್ಥಾನಕ್ಕೆ ಹೋಯಿತು, ಪಾಪ್ ಪಟ್ಟಿಯಲ್ಲಿ 4ಕ್ಕೆ. ಪತ್ರಿಕೆಗಳಲ್ಲಿ ಮಾತ್ರ ಬೇರೆ ಹವೆ. 'ರೋಲಿಂಗ್ ಸ್ಟೋನ್'ನಲ್ಲಿ ಬರೆದ ವಿನ್ಸ್ ಅಲೆಟ್ಟಿಗೆ ಇದು ಸಪ್ಪೆ ಅನಿಸಿತು, ಹಿಂದಿನ ಕಸುವು ಕಾಣಲಿಲ್ಲ. ಡಿಸ್ಕೋ ಸಂಗೀತವನ್ನು ಗಂಭೀರವಾಗಿ ತೆಗೆದುಕೊಂಡ ಮೊದಲ ವಿಮರ್ಶಕರಲ್ಲಿ ಅಲೆಟ್ಟಿ ಒಬ್ಬ. ಕುಣಿತವನ್ನಾಗಲಿ, ಮೈಯ ಸಂತೋಷವನ್ನಾಗಲಿ ಹೀಗಳೆಯುವವನಲ್ಲ. ಪರೀಕ್ಷೆಯ ಅಂಕದಂತೆ ಎಲ್ಲ ಆಲ್ಬಂಗಳಿಗೂ ದರ್ಜೆ ಕೊಡುತ್ತಿದ್ದ ರಾಬರ್ಟ್ ಕ್ರಿಸ್ಟ್‌ಗೌ ಕೂಡ ಉತ್ಸಾಹ ತೋರಲಿಲ್ಲ. ಇನ್ನೊಬ್ಬರ ಮಲಗುವ ಕೋಣೆಯಲ್ಲಿ ಇಣುಕಿದಂತಾಗುತ್ತದೆ ಎಂಬ ಮುಜುಗರವೂ ಆ ಕಾಲದ ಬರಹಗಳಲ್ಲಿ ಕಾಣುತ್ತದೆ.

ನಾನೇನು ಕಡಿಮೆಯಿರಲಿಲ್ಲ. 2003ರ ಸುಮಾರಿಗೆ ಸುರತ್ಕಲ್‌ನ ಹಾಸ್ಟೆಲಿನಲ್ಲಿ ಎಂಟೆಕ್ ಮಾಡುತ್ತಿದ್ದಾಗ, ಲ್ಯಾನ್ ಮೂಲಕ ಯಾರದೋ ಹಾರ್ಡ್‌ಡಿಸ್ಕಿನಿಂದ ಈ ಎರಡೂ ಆಲ್ಬಂ ನನ್ನ ಕಂಪ್ಯೂಟರಿಗೆ ಇಳಿದಿದ್ದವು. 'ವಾಟ್ಸ್ ಗೋಯಿಂಗ್ ಆನ್' ಬಗ್ಗೆ ಗೆಳೆಯರಿಗೆ ಗಂಟೆಗಟ್ಟಲೆ ಭಾಷಣ ಬಿಗಿದೆ. 'ಐ ವಾಂಟ್ ಯು' ಬಗ್ಗೆ ಯಾರೋ ಕೇಳಿದಾಗ, "ಅದು ಬಿಡೋ, ದೀಪ ಆರಿಸಿ ಕೇಳೋ ಸರಕು" ಅಂದುಬಿಟ್ಟೆ. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಎಷ್ಟೋ ರಾತ್ರಿ ಅದನ್ನೇ ಕೇಳಿದೆ. ಎಲ್ಲರ ಮುಂದೆ ಆಡಿದ ಮಾತು, ಒಬ್ಬನೇ ಇದ್ದಾಗ ಕೇಳಿದ ಹಾಡು, ಇವೆರಡರ ನಡುವಿನ ಅಂತರ ಆಗ ನನಗೆ ಕಂಡಿರಲಿಲ್ಲ.

ಅದು ಕಂಡದ್ದು ಬಹಳ ತಡವಾಗಿ, ಅದೂ ಆಫೀಸಿನಲ್ಲಿ. ಪ್ರಾಜೆಕ್ಟ್ ಮ್ಯಾನೇಜರನಾದ ನನಗೆ ವರ್ಷಕ್ಕೊಮ್ಮೆ ಅಪ್ರೈಸಲ್ ಬರೆಯುವ ಕೆಲಸ. ಒಂದು ವರ್ಷ ಕಷ್ಟದ ಮೈಗ್ರೇಷನ್ ಒಂದನ್ನು ದಡ ಸೇರಿಸಿದ್ದ ಹುಡುಗನಿಗೆ, ಮರುವರ್ಷ ಒಂದು ಚಿಕ್ಕ, ನಾಜೂಕಿನ ಕೆಲಸ ಸಿಕ್ಕಿತ್ತು. ಚೆನ್ನಾಗೇ ಮಾಡಿದ್ದ. ನಾನು ಹೋದ ವರ್ಷದ ಸಾಹಸಕ್ಕೆ ಹೋಲಿಸಿ ರೇಟಿಂಗ್ ಇಳಿಸಿದೆ. "ಸರ್, ಇದು ಆ ಪ್ರಾಜೆಕ್ಟ್ ಅಲ್ವಲ್ಲ" ಅಂದ. ಅಷ್ಟೇ ಅಂದದ್ದು. ರೇಟಿಂಗ್ ತಿದ್ದುವ ಕಾಲ ಮೀರಿತ್ತು. ಆರು ತಿಂಗಳಲ್ಲಿ ಕೆಲಸ ಬಿಟ್ಟ. 1976ರ ವಿಮರ್ಶೆಗಳನ್ನು ಈಗ ಓದುವಾಗ ಆ ಹುಡುಗನ ಮಾತು ನೆನಪಾಗುತ್ತದೆ. ಜಗತ್ತಿನ ನೋವನ್ನು ಹಾಡಿದವನು ಒಬ್ಬಳ ಹಿಂದೆ ಬಿದ್ದು ಹಾಡುವುದನ್ನು ಅವರು ಹಿಂಬಡ್ತಿ ಎಂದು ಓದಿದರು. ಈ ಆಲ್ಬಂ ಏನು ಮಾಡಲು ಹೊರಟಿದೆ ಎಂದು ನೋಡುವ ಮೊದಲೇ, ಏನು ಮಾಡಿಲ್ಲ ಎಂಬ ಲೆಕ್ಕ ಸಿದ್ಧವಾಗಿತ್ತು.

ಈ ಅಳತೆಗೋಲು ಹಳೆಯದಾಯಿತು ಎಂದುಕೊಳ್ಳಬೇಡಿ. 'ರೋಲಿಂಗ್ ಸ್ಟೋನ್' 2003ರಲ್ಲಿ ಮಾಡಿದ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ 'ವಾಟ್ಸ್ ಗೋಯಿಂಗ್ ಆನ್' 6ನೇ ಸ್ಥಾನದಲ್ಲಿತ್ತು, 'ಲೆಟ್ಸ್ ಗೆಟ್ ಇಟ್ ಆನ್' 165ರಲ್ಲಿ. 2020ರಲ್ಲಿ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಮೊದಲನೆಯದು 1ಕ್ಕೆ ಏರಿತು, ಎರಡನೆಯದು 422ಕ್ಕೆ ಇಳಿಯಿತು. ಅದೇ ಗಾಯಕ, ಅದೇ ದಶಕ. ಒಂದು ಏರಿದಷ್ಟೂ ಇನ್ನೊಂದು ಇಳಿಯಿತು.

ಇನ್ನು ಹೊಗಳಿಕೆಯ ಕತೆ. 90ರ ದಶಕದಲ್ಲಿ 'ಐ ವಾಂಟ್ ಯು'ಗೆ ಮರುಜನ್ಮ ಬಂತು. 1995ರಲ್ಲಿ ಮಡೋನಾ ಮತ್ತು ಮ್ಯಾಸಿವ್ ಅಟ್ಯಾಕ್ ಸೇರಿ ಶೀರ್ಷಿಕೆ ಗೀತೆಯನ್ನು ಮತ್ತೆ ಹಾಡಿದರು. 1996ರಲ್ಲಿ ಮ್ಯಾಕ್ಸ್‌ವೆಲ್ ತನ್ನ ಮೊದಲ ಆಲ್ಬಂ ಮಾಡುವಾಗ ಒಂದು ಹಾಡಿಗೆ ಜೊತೆಯಾಗಿ ಕರೆದದ್ದು ಲಿಯಾನ್ ವೇರ್‌ನನ್ನು. 'ಐ ವಾಂಟ್ ಯು'ವಿನ ಹೆಚ್ಚಿನ ಹಾಡುಗಳ ಹಿಂದಿದ್ದ ಸಂಗೀತಗಾರ ಈ ವೇರ್. 2022ರಲ್ಲಿ ಕೆಂಡ್ರಿಕ್ ಲಾಮಾರ್ ತನ್ನ 'ದ ಹಾರ್ಟ್ ಪಾರ್ಟ್ 5' ಕಟ್ಟಿದ್ದು ಇದೇ ಶೀರ್ಷಿಕೆ ಗೀತೆಯ ಮೇಲೆ. ಅದೇ ತಿಂಗಳು ಇನ್ನೊಂದು ಘಟನೆ. ಈ ಆಲ್ಬಂನ ಹೊದಿಕೆಯ ಮೇಲಿದ್ದದ್ದು ಅರ್ನಿ ಬಾರ್ನ್ಸ್ ಬರೆದ 'ದ ಶುಗರ್ ಶಾಕ್' ಎಂಬ ಚಿತ್ರ. ಬೆವರಿ ಕುಣಿಯುವ ಜನರ ಉದ್ದುದ್ದ ಕೈಕಾಲು, ಮುಚ್ಚಿದ ಕಣ್ಣು. ಹೆಚ್ಚೆಂದರೆ 2 ಲಕ್ಷ ಡಾಲರ್‌ಗೆ ಹೋದೀತು ಎಂದು ಅಂದಾಜಿಸಿದ್ದ ಅದರ ಇನ್ನೊಂದು ಆವೃತ್ತಿ ಕ್ರಿಸ್ಟೀಸ್ ಹರಾಜಿನಲ್ಲಿ 1.5 ಕೋಟಿ ಡಾಲರ್ ದಾಟಿತು. ಒಂದು ಕಾಲದಲ್ಲಿ ಹಗುರವಾಗಿ ಕಂಡ ಆಲ್ಬಂನ ಮುಖಪುಟದ ಚಿತ್ರದ ಇನ್ನೊಂದು ರೂಪಕ್ಕೆ ಬಂದ ಬೆಲೆ ಇದು.

ಆದರೆ ಈ ಹೊಗಳಿಕೆಯಲ್ಲೂ ಒಂದು ನುಣುಚಾಟವಿದೆ. ಮುಂದಿನ ಪೀಳಿಗೆಗೆ ದಾರಿ ತೋರಿಸಿತು, ಆದ್ದರಿಂದ ದೊಡ್ಡದು ಎನ್ನುವುದು ಒಂದು ದಾರಿ. ಚರ್ಚಿನ ಭಕ್ತಿಯೇ ಇಲ್ಲಿ ಬಯಕೆಯ ವೇಷ ಹಾಕಿದೆ, ಆದ್ದರಿಂದ ಪವಿತ್ರ ಎನ್ನುವುದು ಇನ್ನೊಂದು. ಎರಡರಲ್ಲೂ ಬಯಕೆಯನ್ನು ಬಯಕೆಯಾಗಿ ಎದುರಿಸುವ ಮುಜುಗರದಿಂದ ಪಾರಾಗಬಹುದು.

ನಾವು ಈ ವಿದ್ಯೆಯಲ್ಲಿ ಅವರಿಗಿಂತ ಹಿಂದಿಲ್ಲ. ಹೈದರಾಬಾದಿನಲ್ಲಿರುವ ಕನ್ನಡಿಗನಾಗಿ ನನಗೆ ನೆನಪಾಗುವುದು ತೆಲುಗಿನ 'ರಾಧಿಕಾ ಸಾಂತ್ವನಮು'. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಬರೆದ ಶೃಂಗಾರಕಾವ್ಯ. ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರಿಗೇ ಅದು ಅಸಹ್ಯವಾಯಿತು, ಬರೆದವಳು ಹೆಂಗಸು ಎಂಬುದು ಇನ್ನೂ ಅಸಹ್ಯವಾಯಿತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಅದರ ಪೂರ್ಣ ಪಾಠವನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಮರುವರ್ಷ ಬ್ರಿಟಿಷ್ ಸರ್ಕಾರ ನಿಷೇಧಿಸಿತು. ಗಂಡಸರು ಬರೆದ ಅಂಥದೇ ಪದ್ಯಗಳು ಪಾಠವಾಗಬಹುದಾದರೆ ಇದೇಕೆ ಆಗಬಾರದು ಎಂಬುದು ನಾಗರತ್ನಮ್ಮನವರ ವಾದವಾಗಿತ್ತು. ಅಂದರೆ ಜಗಳ ಬರೀ ಶೃಂಗಾರದ್ದಾಗಿರಲಿಲ್ಲ. ಬಯಕೆಯ ಬಗ್ಗೆ ಯಾರು ಮಾತಾಡಬಹುದು ಎಂಬುದೂ ಅಲ್ಲಿತ್ತು. ನನ್ನ ಹೆಂಡತಿಯ ಪ್ರಶ್ನೆಯೂ ಅದೇ ಜಾತಿಯದು.

ಆ ಪ್ರಶ್ನೆ ಇಟ್ಟುಕೊಂಡು ಆಲ್ಬಂ ಮತ್ತೆ ಕೇಳಿದೆ. ಬಾಂಗೋ, ತಂತಿವಾದ್ಯಗಳು ಮೆಲ್ಲಗೆ ಹೆಣೆದುಕೊಳ್ಳುತ್ತವೆ. ನಂತರ ಮಾರ್ವಿನ್‌ನ ದನಿ. 'ಲೆಟ್ಸ್ ಗೆಟ್ ಇಟ್ ಆನ್'ನಲ್ಲಿ ಒಪ್ಪಿಸಬಲ್ಲೆ ಎಂಬ ಭರವಸೆ ಇತ್ತು. ಇಲ್ಲಿ ಅದಿಲ್ಲ. ನನಗೆ ಬೇಕು ಅಂದರೆ ಸಾಲದು, ನಿನಗೂ ನಾನು ಬೇಕಾಗಬೇಕು ಎಂಬ ಕೊರಗೇ ಶೀರ್ಷಿಕೆ ಗೀತೆಯ ಹುರುಳು. ಈ ಆಲ್ಬಂ ಸುಖದ ಬಗ್ಗೆ ಎಂದು ಬೈದವರೂ ಹೊಗಳಿದವರೂ ಹೇಳಿದರು. ನನಗೆ ಕೇಳುವುದು ಕಾಯುವಿಕೆ. ಶೀರ್ಷಿಕೆ ಗೀತೆಯ ತುಣುಕು ಎರಡನೇ ಬದಿಯಲ್ಲಿ ಎರಡು ಸಲ ಮರಳುತ್ತದೆ, ಬಾಗಿಲು ತಟ್ಟಿ ಹೋದವನು ಮತ್ತೆ ಬಂದು ತಟ್ಟಿದ ಹಾಗೆ. ಅಲೆಟ್ಟಿಗೆ ಸಪ್ಪೆಯಾಗಿ ಕಂಡದ್ದು ಬಹುಶಃ ಇದೇ. ಏರಿ ಒಂದು ತುದಿ ಮುಟ್ಟುವ ಹಾಡನ್ನು ಅವನು ಕಾದಿದ್ದ. ಇದು ಮುಟ್ಟುವುದೇ ಇಲ್ಲ.

ಇನ್ನೊಂದು ಸಂಗತಿ. ಮಾರ್ವಿನ್ ತನ್ನ ದನಿಯನ್ನೇ ಹಲವು ಸಲ ಧ್ವನಿಮುದ್ರಿಸಿ ಒಂದರ ಮೇಲೊಂದು ಹಾಸುತ್ತಿದ್ದ. ಒಂದು ದನಿ ಬೇಡುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ, ಮತ್ತೊಂದು ಹಿಂದಿನಿಂದ ಹೂಂಗುಡುತ್ತದೆ. ಎಲ್ಲವೂ ಅವನದೇ. ಅಲ್ಲಲ್ಲಿ ಹೆಣ್ಣಿನ ನರಳುವ ದನಿ ಬರುತ್ತದೆ, ಆದರೆ ಅವಳಿಗೆ ಮಾತಿಲ್ಲ. ನೀನೂ ಬಯಸಬೇಕು ಎಂದು ಅಷ್ಟು ಕೇಳಿಕೊಳ್ಳುವ ಆಲ್ಬಂನಲ್ಲಿ ಸಿಗುವ ಉತ್ತರಗಳೆಲ್ಲ ಕೇಳಿದವನ ದನಿಯವೇ.

ಹಾಗಾದರೆ ಆ 'ನೀನು' ಯಾರು? ಹಾಡುಗಳ ಬೀಜ ಲಿಯಾನ್ ವೇರ್‌ನದು. ಅವನು ತನ್ನ ಆಲ್ಬಂಗೆಂದು ಇಟ್ಟುಕೊಂಡಿದ್ದ ಹಾಡುಗಳು ಬೆರಿ ಗೋರ್ಡಿಯ ಮೂಲಕ ಮಾರ್ವಿನ್ ಕೈಸೇರಿದವು. ಆದರೆ ಹಾಡುವಾಗ ಮಾರ್ವಿನ್‌ನ ಮನಸ್ಸಿನಲ್ಲಿದ್ದವಳು ಜ್ಯಾನಿಸ್ ಹಂಟರ್ ಎಂಬುದನ್ನು ಎಲ್ಲರೂ ಬರೆದಿದ್ದಾರೆ. 1973ರಲ್ಲಿ ಇಬ್ಬರೂ ಭೇಟಿಯಾದಾಗ ಅವಳಿಗೆ 17 ವರ್ಷ. ಅವನು ಅವಳಿಗಿಂತ ಸುಮಾರು 17 ವರ್ಷ ದೊಡ್ಡವನು, ಮದುವೆಯಾದವನು. ಈ ಆಲ್ಬಂ ಬಂದಾಗ ಅವಳಿಗೆ 20, ಎರಡು ಮಕ್ಕಳ ತಾಯಿ. ಹದಿಹರೆಯದ ಮಗಳಿರುವ ನನಗೆ ಈಗ ಈ ಸಂಖ್ಯೆಗಳನ್ನು ದಾಟಿ ಮುಂದೆ ಹೋಗಲಾಗುವುದಿಲ್ಲ. ವಿಮರ್ಶೆಗಳಲ್ಲಿ ಆಕೆ 'ಸ್ಫೂರ್ತಿ' ಎಂಬ ಒಂದು ಪದವಾಗಿ ಬಂದು ಹೋಗುತ್ತಾಳೆ.

ಆಲ್ಬಂನ ಕೊನೆಯ ಹಾಡಿನ ಹೆಸರು 'ಆಫ್ಟರ್ ದ ಡಾನ್ಸ್'. 2015ರಲ್ಲಿ ಅದೇ ಹೆಸರಿನ ಪುಸ್ತಕವೊಂದು ಬಂತು. ಬರೆದವರು ಜ್ಯಾನ್ ಗೇ, ಅಂದರೆ ಅದೇ ಜ್ಯಾನಿಸ್. ನೆರವಾದವನು ಡೇವಿಡ್ ರಿಟ್ಜ್. ಮೂವತ್ತು ವರ್ಷದ ಹಿಂದೆ, 1985ರಲ್ಲಿ, ಮಾರ್ವಿನ್‌ನನ್ನು ಧರ್ಮಕ್ಕೂ ದೇಹಕ್ಕೂ ನಡುವೆ ಸೀಳಿಹೋದವನೆಂದು ಚಿತ್ರಿಸಿ ಜೀವನಚರಿತ್ರೆ ಬರೆದಿದ್ದವನೂ ಅವನೇ. ಜ್ಯಾನ್ ಪುಸ್ತಕದಲ್ಲಿ ಪ್ರೀತಿ ಇದೆ, ಬೆರಗು ಇದೆ. ಜೊತೆಗೆ ಮಾದಕ ದ್ರವ್ಯ, ಅನುಮಾನ, ಅವಮಾನಗಳೂ ಇವೆ. ಇವರಿಬ್ಬರ ಮದುವೆ 1977ರಲ್ಲಿ ಆಗಿ ಕೆಲವೇ ವರ್ಷದಲ್ಲಿ ಮುರಿಯಿತು. 1984ರ ಏಪ್ರಿಲ್ 1ರಂದು, 45ನೇ ಹುಟ್ಟುಹಬ್ಬದ ಹಿಂದಿನ ದಿನ, ಮಾರ್ವಿನ್ ತನ್ನ ಅಪ್ಪನ ಗುಂಡಿಗೆ ಬಲಿಯಾದ. ಅವಳ ಉತ್ತರ ಪುಸ್ತಕವಾಗಿ ಬರುವ ಹೊತ್ತಿಗೆ ಕೇಳಿದವನು ಸತ್ತು ಮೂವತ್ತು ವರ್ಷ ದಾಟಿತ್ತು.

ಹಾಗೆಂದು ಆಲ್ಬಂ ಅನ್ನು ಈಗ ಎತ್ತಿ ಎಸೆಯಬೇಕು ಎನ್ನುತ್ತಿಲ್ಲ. ಅದು ಇನ್ನೂ ನನ್ನ ಮೈ ನವಿರೇಳಿಸುತ್ತದೆ. ಆ ಸಂಕೋಚವನ್ನು ನಲವತ್ತರ ವಯಸ್ಸಿನಲ್ಲಾದರೂ ಬಿಡಬೇಕು ಅನಿಸಿದೆ. ನಾನು ಹೇಳುವುದು ಇಷ್ಟೇ: ಈ ಬಯಕೆ ಆ ಮಹಾ ಗಾಯಕನಿಗೆ ತಕ್ಕುದೇ ಎಂದು ನಲವತ್ತು ವರ್ಷ ವಾದ ನಡೆಯಿತು. ಆಲ್ಬಂ ಸ್ವತಃ ಕೇಳುತ್ತಿದ್ದದ್ದು, ಅವಳಿಗೂ ಇದು ಬೇಕಿತ್ತೇ ಎಂದು. ಆ ಪ್ರಶ್ನೆಯನ್ನು ವಿಮರ್ಶಕರಿಗಿಂತ ಹಾಡೇ ಹೆಚ್ಚು ಗಂಭೀರವಾಗಿ ತೆಗೆದುಕೊಂಡಿತ್ತು. ಉತ್ತರವನ್ನು ತನ್ನೊಳಗೆ ಬಿಟ್ಟುಕೊಳ್ಳುವ ಧೈರ್ಯ ಹಾಡಿಗೂ ಇರಲಿಲ್ಲ. ಇನ್ನು ಮುಂದೆ ಈ ಆಲ್ಬಂ ಬಗ್ಗೆ ಬರೆಯುವವರು ಜ್ಯಾನ್ ಪುಸ್ತಕವನ್ನು ಗಾಸಿಪ್ ಎಂದು ಬದಿಗಿಡದೆ, ಅದರ ಕೊನೆಯ ಹಾಡಿನ ಮುಂದುವರಿಕೆಯಾಗಿ ಓದಬೇಕು.

ಪುಸ್ತಕವನ್ನು ಹೆಂಡತಿಯ ಕೈಗೂ ಕೊಟ್ಟಿದ್ದೇನೆ. ಮೊನ್ನೆ ರಾತ್ರಿ ಅರ್ಧ ಓದಿ ಪಕ್ಕಕ್ಕಿಟ್ಟಾಗ, ಆಲ್ಬಂ ಮತ್ತೊಮ್ಮೆ ಹಾಕಲಾ ಅಂತ ಕೇಳಿದೆ.

"ತಡೀರಿ, ಮೊದಲು ಅವಳ ಮಾತು ಮುಗೀಲಿ" ಅಂದಳು.